ಉದ್ದೇಶವಿರಲಿಲ್ಲ ಎಂದರೆ ಸಾಕೆ?

ವರ್ಣಭೇದ ಮತ್ತು ಪೊಲೀಸು ವ್ಯವಸ್ಥೆಯ ಬಗೆಗೆ ಲೋಕದ ಯಾವ ಮೂಲೆಯಲ್ಲಿ ಸಾರ್ವಜನಿಕ ಚರ್ಚೆ ಆರಂಭವಾದರೂ ಅದು ಬಹುಬೇಗನೆ ಒಂದೇ ಪ್ರಶ್ನೆಗೆ ಬಂದು ನಿಂತುಬಿಡುವುದನ್ನು ನಾವು ಕಾಣುತ್ತೇವೆ. ‘ಹಾಗಾದರೆ ನಮ್ಮ ಪೊಲೀಸರೆಲ್ಲ ವರ್ಣದ್ವೇಷಿಗಳೆಂದು ನಿಮ್ಮ ಅಭಿಪ್ರಾಯವೇ?’ ಎಂಬುದೇ ಆ ಪ್ರಶ್ನೆ. ಅಲ್ಲಿಂದ ಮುಂದೆ ಸಭೆ ಇಬ್ಭಾಗವಾಗುತ್ತದೆ. ಒಂದು ಪಕ್ಷ ಹೌದೆನ್ನುತ್ತದೆ. ಇನ್ನೊಂದು ಪಕ್ಷ ತನಗೆ ಪರಿಚಯವಿರುವ ಪ್ರಾಮಾಣಿಕ ಅಧಿಕಾರಿಗಳನ್ನು ಹೆಸರಿಸುತ್ತದೆ. ಯಾರ ಸಾವಿನಿಂದ ಚರ್ಚೆ ಹುಟ್ಟಿತೋ ಅವನು ಈ ಎರಡು ಪಕ್ಷಗಳ ನಡುವೆ ಮರೆತೇ ಹೋಗುತ್ತಾನೆ.

ಈ ಪ್ರಶ್ನೆಯೇ ತಪ್ಪಾಗಿ ಕೇಳಲ್ಪಟ್ಟಿದೆಯೇ ಎಂಬುದನ್ನು ಈ ವಾರ ಓದುಗರೊಡನೆ ವಿಚಾರ ಮಾಡಲು ಬಯಸುತ್ತೇವೆ. ಇದಕ್ಕಾಗಿ ನಾವು ಆರಿಸಿಕೊಂಡಿರುವುದು ಇಂಗ್ಲೆಂಡಿನ ಸ್ಟೀಫನ್ ಲಾರೆನ್ಸ್ ಪ್ರಕರಣವನ್ನು. ಇದೇ ಪ್ರಕರಣವೇಕೆ ಎಂದರೆ, ಪೊಲೀಸರ ನಡತೆಯ ಪ್ರತಿಯೊಂದು ಗಂಟೆಯ ಲೆಕ್ಕವನ್ನೂ ಸಾರ್ವಜನಿಕರ ಎದುರಿನಲ್ಲಿ ಕೇಳಿ, ಕೇಳಿದ್ದನ್ನು ಮುದ್ರಿಸಿ ಪ್ರಕಟಿಸಿದ ನಿದರ್ಶನಗಳು ಲೋಕದಲ್ಲಿ ಹೆಚ್ಚಿಲ್ಲ. ಮೇಲಾಗಿ, ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಆ ದೇಶದ ಆಸ್ಪತ್ರೆಗಳಲ್ಲಿ, ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿನ ಬೀದಿಯ ನ್ಯಾಯ ಅವರಿಗೂ ಸಂಬಂಧಿಸಿದ್ದು.

ಬಸ್ ನಿಲ್ದಾಣದ ರಾತ್ರಿ

1993ರ ಏಪ್ರಿಲ್ 22ರ ರಾತ್ರಿ, ಸುಮಾರು ಹತ್ತೂವರೆ ಗಂಟೆ. ಲಂಡನ್ನಿನ ಆಗ್ನೇಯ ಭಾಗದ ಎಲ್ಥಂ ಎಂಬಲ್ಲಿ ಇಬ್ಬರು ಕಪ್ಪುವರ್ಣದ ತರುಣರು ಮನೆಗೆ ಹೋಗಲು ಬಸ್ಸಿಗಾಗಿ ಕಾದು ನಿಂತಿದ್ದರು. ಅವರಲ್ಲೊಬ್ಬ ಹದಿನೆಂಟು ವಯಸ್ಸಿನ ಸ್ಟೀಫನ್ ಲಾರೆನ್ಸ್. ಜಮೈಕಾದಿಂದ ಬಂದು ನೆಲೆಸಿದ್ದ ನೆವಿಲ್ ಮತ್ತು ಡೊರೀನ್ ಲಾರೆನ್ಸ್ ದಂಪತಿಗಳ ಹಿರಿಯ ಮಗ. ವಾಸ್ತುಶಿಲ್ಪಿಯಾಗಬೇಕೆಂಬ ಆಸೆಯಿಂದ ಓದುತ್ತಿದ್ದವನು. ಮತ್ತೊಬ್ಬ ಅವನ ಗೆಳೆಯ ಡ್ವೇನ್ ಬ್ರೂಕ್ಸ್. ಬಿಳಿಯ ಯುವಕರ ಗುಂಪೊಂದು ವರ್ಣದ್ವೇಷದ ಬೈಗುಳವನ್ನು ಕೂಗುತ್ತ ರಸ್ತೆ ದಾಟಿ ಬಂದು ಸ್ಟೀಫನನನ್ನು ಚೂರಿಯಿಂದ ಇರಿಯಿತು. ಗಾಯಗೊಂಡವನು ನೂರು ಗಜಕ್ಕೂ ಮಿಕ್ಕಿ ಓಡಿ ಕಾಲುದಾರಿಯಲ್ಲಿ ಕುಸಿದುಬಿದ್ದ. ಅವನಿಗೂ ಕೊಂದವರಿಗೂ ಹಿಂದಿನ ಪರಿಚಯವಿರಲಿಲ್ಲ, ಜಗಳವಿರಲಿಲ್ಲ.

ಇಷ್ಟು ಕೊಲೆಗಡುಕರ ಕೃತ್ಯ. ಇಲ್ಲಿಂದ ಮುಂದಿನದು ಪೊಲೀಸರ ಕಥೆ. ಸ್ಥಳಕ್ಕೆ ಬಂದ ಅಧಿಕಾರಿಗಳು ನಾಡಿ, ಉಸಿರು ಇದೆಯೇ ಎಂದು ನೋಡಿದ್ದನ್ನು ಬಿಟ್ಟರೆ ಪ್ರಥಮ ಚಿಕಿತ್ಸೆಯೆಂದು ಏನನ್ನೂ ಮಾಡಲಿಲ್ಲ. ಕಣ್ಣೆದುರಿಗೆ ಗೆಳೆಯನನ್ನು ಕಳೆದುಕೊಳ್ಳುತ್ತ ಹತಾಶೆಯಿಂದ ಕೂಗಾಡುತ್ತಿದ್ದ ಬ್ರೂಕ್ಸ್ ಅವರನ್ನು ಹಲ್ಲೆಗೊಳಗಾದ ಸಾಕ್ಷಿಯೆಂದು ಕಾಣುವ ಬದಲು ಕಿರಿಕಿರಿಯ ಮನುಷ್ಯನೆಂಬಂತೆ ಕಂಡರು. ಮರುದಿನದಿಂದಲೇ ಶಂಕಿತರ ಹೆಸರುಗಳು ಬೇರೆ ಬೇರೆ ಮೂಲಗಳಿಂದ ಠಾಣೆಗೆ ತಲುಪತೊಡಗಿದವು. ಆದರೂ ಮೊದಲ ಬಂಧನ ನಡೆದದ್ದು ಮೇ 7ರಂದು, ಕೊಲೆಯಾದ ಹದಿನೈದು ದಿನಗಳ ಬಳಿಕ. ಅದರ ಹಿಂದಿನ ದಿನವಷ್ಟೇ ಲಂಡನ್ನಿಗೆ ಬಂದಿದ್ದ ನೆಲ್ಸನ್ ಮಂಡೇಲಾ ಅವರು ಶೋಕತಪ್ತ ತಂದೆತಾಯಿಗಳನ್ನು ಕಂಡು ಮಾತನಾಡಿಸಿದ್ದರು. ನಡುವಿನ ದಿನಗಳಲ್ಲಿ, ಶಂಕಿತನೊಬ್ಬನ ಮನೆಯಿಂದ ಚೀಲದಲ್ಲಿ ಏನೋ ಸಾಗಿಸಲಾಗುತ್ತಿದ್ದುದನ್ನು ಕಾವಲಿಗಿದ್ದ ಪೊಲೀಸರೇ ನೋಡಿದ್ದರು, ತಡೆಯಲಿಲ್ಲ.

ಸಾಕ್ಷ್ಯ ಸಾಲದೆಂದು 1993ರ ಜುಲೈ ತಿಂಗಳಲ್ಲಿ ಮೊಕದ್ದಮೆಯನ್ನು ಕೈಬಿಡಲಾಯಿತು. ಅದೇ ವರ್ಷ ಪೊಲೀಸು ಇಲಾಖೆ ತಾನೇ ನಡೆಸಿಕೊಂಡ ಆಂತರಿಕ ಪರಿಶೀಲನೆಯು ತನಿಖೆ ತೃಪ್ತಿಕರವಾಗಿ ಸಾಗಿದೆಯೆಂದು ಷರಾ ಬರೆಯಿತು. ಮಗನನ್ನು ಕಳೆದುಕೊಂಡ ಮನೆಯಲ್ಲಿ ಈ ‘ತೃಪ್ತಿಕರ’ ಎಂಬ ಮಾತು ಹೇಗೆ ಕೇಳಿಸಿರಬೇಕೆಂಬುದನ್ನು ಮಕ್ಕಳಿರುವ ಓದುಗರು ಊಹಿಸಬಲ್ಲರು.

ಪ್ರಾರ್ಥನಾ ಕೂಟದಿಂದ ಬಂದ ದಂಪತಿಗಳು

ಆ ರಾತ್ರಿಯ ಇನ್ನೊಂದು ಸಂಗತಿಯನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಕಥೋಲಿಕ ದೇವಾಲಯವೊಂದರಲ್ಲಿ ಪ್ರಾರ್ಥನಾ ಕೂಟವನ್ನು ಮುಗಿಸಿಕೊಂಡು ಬಿಳಿಯ ದಂಪತಿಗಳಿಬ್ಬರು ಅದೇ ರಸ್ತೆಯಲ್ಲಿ ನಡೆದು ಬರುತ್ತಿದ್ದರು. ಓಡಿಬರುತ್ತಿದ್ದ ಇಬ್ಬರು ಕಪ್ಪು ತರುಣರನ್ನು ಕಂಡಾಗ ಗಂಡನ ಮನಸ್ಸಿನಲ್ಲಿ ಮೊದಲು ಸುಳಿದ ಯೋಚನೆ, ಇದು ದರೋಡೆಯ ಹೂಟವಿರಬಹುದು, ಒಬ್ಬನು ಬಿದ್ದಂತೆ ನಟಿಸಿ ಹತ್ತಿರ ಬಂದವರನ್ನು ಹಿಡಿಯುವ ಉಪಾಯವಿರಬಹುದು ಎಂದು. ಹಾಗೆಂದು ಅವರು ಓಡಿಹೋಗಲಿಲ್ಲ. ಬಳಿಗೆ ಹೋಗಿ ನೋಡಿದರು. ಇಬ್ಬರೂ ನೆಲದ ಮೇಲೆ ಬಿದ್ದ ಹುಡುಗನ ಪಕ್ಕದಲ್ಲಿ ಕುಳಿತು, ಮೈಮುಟ್ಟಿ, ಪ್ರಾರ್ಥಿಸಿ, ಅವನು ಪ್ರೀತಿಪಾತ್ರನೆಂದು ಕಿವಿಯಲ್ಲಿ ನುಡಿದರು. ಮನೆಗೆ ಹೋಗಿ ಕೈಯ ನೆತ್ತರನ್ನು ತೊಳೆದ ನೀರನ್ನು ಚರಂಡಿಗೆ ಚೆಲ್ಲದೆ ತೋಟದ ಗುಲಾಬಿ ಗಿಡದ ಬುಡಕ್ಕೆ ಹೊಯ್ದರು.

ಐದು ವರ್ಷಗಳ ನಂತರ ವಿಚಾರಣಾ ಆಯೋಗದ ಮುಂದೆ ಸಾಕ್ಷಿ ನುಡಿಯುವಾಗ ಆ ಗೃಹಸ್ಥರು ತಮ್ಮ ಮನಸ್ಸಿನಲ್ಲಿ ಸುಳಿದುಹೋದ ಆ ಮೊದಲ ಸಂಶಯವನ್ನು ಮುಚ್ಚಿಡಲಿಲ್ಲ. ಸತ್ತವನ ತಂದೆತಾಯಿಗಳು ಕೇಳುತ್ತಿರುವಾಗಲೇ ಅದನ್ನು ಒಪ್ಪಿ ಹೇಳಿದರು. ಅವರನ್ನು ಯಾರೂ ವರ್ಣದ್ವೇಷಿಯೆಂದು ಕರೆಯಲಿಲ್ಲ. ಕರೆಯಲು ಕಾರಣವೂ ಇರಲಿಲ್ಲ. ಸಂಶಯ ಮನಸ್ಸಿಗೆ ಬಂದಿತ್ತು. ಆದರೆ ಅದು ಅವರ ಕಾಲನ್ನು ತಡೆಯಲಿಲ್ಲ, ಕೈಯನ್ನು ಕಟ್ಟಲಿಲ್ಲ. ಈ ಪ್ರಕರಣದಲ್ಲಿ ಒಬ್ಬ ಸಾಮಾನ್ಯ ಮನುಷ್ಯನಿಗೆ ಸಾಧ್ಯವಾದ ಈ ಒಪ್ಪಿಗೆ ಒಂದು ದೊಡ್ಡ ಸಂಸ್ಥೆಗೆ ಏಕೆ ಸಾಧ್ಯವಾಗಲಿಲ್ಲ ಎಂಬುದೇ ಮುಂದಿನ ವಿಚಾರ.

ಆಯೋಗ ಮತ್ತು ಅದರ ಮಾತು

ಲಾರೆನ್ಸ್ ದಂಪತಿಗಳು ಸುಮ್ಮನಿರಲಿಲ್ಲ. ಸರಕಾರ ಕೈಬಿಟ್ಟ ಮೊಕದ್ದಮೆಯನ್ನು ತಾವೇ ಖಾಸಗಿಯಾಗಿ ಹೂಡಿದರು. 1996ರ ಏಪ್ರಿಲ್‌ನಲ್ಲಿ ಅದು ಬಿದ್ದುಹೋಗಿ ಮೂವರು ಆರೋಪಿಗಳು ಖುಲಾಸೆಯಾದರು. 1997ರ ಫೆಬ್ರವರಿಯಲ್ಲಿ ಮರಣ ವಿಚಾರಣೆಯ ಜೂರಿಯು, ಯಾವ ಪ್ರಚೋದನೆಯೂ ಇಲ್ಲದೆ ಐವರು ಬಿಳಿಯ ಯುವಕರು ವರ್ಣದ್ವೇಷದಿಂದ ಮಾಡಿದ ಕೊಲೆಯಿದು ಎಂದು ನಿರ್ಣಯಿಸಿತು. ಮರುದಿನ ‘ಡೈಲಿ ಮೇಲ್’ ಪತ್ರಿಕೆಯು ಐವರ ಭಾವಚಿತ್ರಗಳನ್ನು ಮುಖಪುಟದಲ್ಲಿ ಮುದ್ರಿಸಿ ಕೊಲೆಗಾರರೆಂದು ಕರೆದು, ತಪ್ಪಿದ್ದರೆ ತನ್ನ ಮೇಲೆ ದಾವೆ ಹೂಡಲೆಂದು ಸವಾಲೆಸೆಯಿತು. ಅದೇ ವರ್ಷದ ಜುಲೈಯಲ್ಲಿ ಗೃಹಮಂತ್ರಿ ಜ್ಯಾಕ್ ಸ್ಟ್ರಾ ಅವರು ಸಾರ್ವಜನಿಕ ವಿಚಾರಣೆಯನ್ನು ಘೋಷಿಸಿದರು.

ನಿವೃತ್ತ ನ್ಯಾಯಾಧೀಶ ಸರ್ ವಿಲಿಯಂ ಮ್ಯಾಕ್‌ಫರ್ಸನ್ ಅಧ್ಯಕ್ಷರಾದರು. ಅವರಿಗೆ ಸಲಹೆಗಾರರಾಗಿ ಮೂವರು ಕುಳಿತರು: ಒಬ್ಬರು ನಿವೃತ್ತ ಪೊಲೀಸು ಅಧಿಕಾರಿ, ಒಬ್ಬರು ಯೆಹೂದಿ ಸಮಾಜದ ವೈದ್ಯರು, ಮತ್ತೊಬ್ಬರು ಆಂಗ್ಲಿಕನ್ ಧರ್ಮಸಭೆಯ ಬಿಷಪ್ ಜಾನ್ ಸೆಂಟಾಮು. ಉಗಾಂಡದಲ್ಲಿ ಹುಟ್ಟಿ, ಅಲ್ಲಿ ನ್ಯಾಯಾಧೀಶರಾಗಿದ್ದು, ಇದಿ ಅಮೀನನ ಕಾಲದಲ್ಲಿ ದೇಶ ಬಿಟ್ಟು ಬಂದವರು ಅವರು. 1998ರಲ್ಲಿ ತಿಂಗಳುಗಟ್ಟಲೆ ಬಹಿರಂಗ ವಿಚಾರಣೆ ನಡೆಯಿತು. 1999ರ ಫೆಬ್ರವರಿ 24ರಂದು 70 ಶಿಫಾರಸುಗಳ ವರದಿ ಪ್ರಕಟವಾಯಿತು.

ತನಿಖೆ ಕೆಟ್ಟದ್ದಕ್ಕೆ ವರದಿಯು ಮೂರು ಕಾರಣಗಳನ್ನು ಒಟ್ಟಾಗಿ ಹೇಳಿತು: ವೃತ್ತಿಯ ಅಸಾಮರ್ಥ್ಯ, ಹಿರಿಯ ಅಧಿಕಾರಿಗಳ ನಾಯಕತ್ವದ ವೈಫಲ್ಯ, ಮತ್ತು ಸಾಂಸ್ಥಿಕ ವರ್ಣಭೇದ. ಈ ಮೂರನೆಯ ಮಾತೇ ದೇಶವನ್ನು ಅಲುಗಾಡಿಸಿದ್ದು. ಅದರ ಅರ್ಥವನ್ನು ಆಯೋಗವು ಎಚ್ಚರಿಕೆಯಿಂದ ಬಿಡಿಸಿ ಹೇಳಿತ್ತು. ಜನರ ಬಣ್ಣ, ಸಂಸ್ಕೃತಿ, ಮೂಲಗಳ ಕಾರಣದಿಂದ ಅವರಿಗೆ ತಕ್ಕ ಸೇವೆಯನ್ನು ಸಲ್ಲಿಸುವಲ್ಲಿ ಒಂದು ಸಂಸ್ಥೆ ಒಟ್ಟಾಗಿ ಸೋಲುವುದೇ ಸಾಂಸ್ಥಿಕ ವರ್ಣಭೇದ. ಇದಕ್ಕೆ ದ್ವೇಷವೇ ಬೇಕೆಂದಿಲ್ಲ. ಅರಿವಿಲ್ಲದ ಪೂರ್ವಗ್ರಹ, ಅಜ್ಞಾನ, ಅಲಕ್ಷ್ಯ, ‘ಇಂಥವರು ಇಂಥವರೇ’ ಎಂಬ ರೂಢಿಯ ಎಣಿಕೆ, ಇವಿಷ್ಟೂ ಸಾಕು ಎಂಬುದೇ ಅದರ ತಾತ್ಪರ್ಯ.

ಆಕ್ಷೇಪದಲ್ಲಿರುವ ನ್ಯಾಯ

ಲಂಡನ್ನಿನ ಅಂದಿನ ಪೊಲೀಸು ಕಮಿಷನರ್ ಸರ್ ಪಾಲ್ ಕಾಂಡನ್ ಅವರು 1998ರಲ್ಲಿ ಆಯೋಗದ ಮುಂದೆ ಲಾರೆನ್ಸ್ ದಂಪತಿಗಳ ಕ್ಷಮೆ ಕೇಳಿದರು. ಆದರೆ ‘ಸಾಂಸ್ಥಿಕ ವರ್ಣಭೇದ’ ಎಂಬ ಮಾತನ್ನು ಮಾತ್ರ ಒಪ್ಪಲು ಹಿಂಜರಿದರು. ಜನಸಾಮಾನ್ಯರು ಇದನ್ನು ಕೇಳಿದರೆ ಪ್ರತಿಯೊಬ್ಬ ಪೊಲೀಸನೂ ವರ್ಣದ್ವೇಷಿಯೆಂದೇ ತಿಳಿಯುತ್ತಾರೆ ಎಂಬುದು ಅವರ ಭಯ. ವರದಿ ಬಂದ ಮೇಲೆ, ಅದು ಕೊಟ್ಟ ಅರ್ಥದಲ್ಲಿ ಆ ಮಾತನ್ನು ಅವರು ಒಪ್ಪಿಕೊಂಡರು.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ರಾತ್ರಿಯಿಡೀ ಗಸ್ತು ತಿರುಗುವ ಕಾನ್‌ಸ್ಟೇಬಲನೊಬ್ಬನು, ತಾನು ಯಾರಿಗೂ ಅನ್ಯಾಯ ಮಾಡಿಲ್ಲವೆಂದು ಪ್ರಾಮಾಣಿಕವಾಗಿ ನಂಬಿರುವವನು, ತನ್ನ ಇಡೀ ಇಲಾಖೆಗೆ ಹಚ್ಚಿದ ಮಸಿ ತನ್ನ ಮುಖಕ್ಕೂ ಮೆತ್ತಿತೆಂದು ನೊಂದುಕೊಂಡರೆ ಅವನ ನೋವು ಸುಳ್ಳಲ್ಲ. ಎಲ್ಲರ ಮೇಲೆ ಹೊರಿಸಿದ ದೋಷವನ್ನು ಕಡೆಗೆ ಯಾರೂ ಹೊರುವುದಿಲ್ಲ ಎಂಬ ಅಪಾಯವೂ ಇದೆ. ಸಂಸ್ಥೆಯದೇ ತಪ್ಪೆಂದು ಹೇಳಿ ವ್ಯಕ್ತಿಗಳು ಜಾರಿಕೊಳ್ಳಬಹುದು.

ಆದರೆ ಆಕ್ಷೇಪದ ಬೇರು ಇನ್ನೂ ಆಳದಲ್ಲಿದೆ. ‘ನನಗೆ ಅಂಥ ಉದ್ದೇಶವಿರಲಿಲ್ಲ, ಆದುದರಿಂದ ನನ್ನಲ್ಲಿ ದೋಷವಿಲ್ಲ’ ಎಂಬ ತರ್ಕವೇ ಆ ಬೇರು. ಈ ತರ್ಕಕ್ಕೆ ತತ್ತ್ವಶಾಸ್ತ್ರವು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಅಜ್ಞಾನದಿಂದ ಮಾಡಿದ ತಪ್ಪನ್ನು ಕುರಿತು ಚರ್ಚಿಸುತ್ತ, ತಿಳಿದುಕೊಳ್ಳಬಹುದಾಗಿದ್ದೂ ಅಲಕ್ಷ್ಯದಿಂದ ತಿಳಿದುಕೊಳ್ಳದವನನ್ನು ಕಾನೂನು ದಂಡಿಸುತ್ತದೆಂದು ತೋರಿಸುತ್ತಾನೆ. ಕುಡಿದ ಅಮಲಿನಲ್ಲಿ ಅಪರಾಧ ಮಾಡಿದವನಿಗೆ ಇಮ್ಮಡಿ ಶಿಕ್ಷೆ ವಿಧಿಸುವ ಕಟ್ಟಳೆಯನ್ನು ಅವನು ಉದಾಹರಿಸುತ್ತಾನೆ. ಏಕೆಂದರೆ ಕುಡಿಯದಿರುವುದು ಅವನ ಕೈಯಲ್ಲೇ ಇತ್ತು. ಸಂತ ಥಾಮಸ್ ಅಕ್ವಿನಾಸರು ಇದನ್ನೇ ಮುಂದುವರಿಸಿ, ಪ್ರಯತ್ನದಿಂದ ನೀಗಿಸಿಕೊಳ್ಳಬಹುದಾದ ಅಜ್ಞಾನ ಒಂದು ಬಗೆ, ಎಷ್ಟು ಪ್ರಯತ್ನಿಸಿದರೂ ನೀಗದ ಅಜ್ಞಾನ ಮತ್ತೊಂದು ಬಗೆ ಎಂದು ವಿಂಗಡಿಸಿದರು. ಎರಡನೆಯದು ಕ್ಷಮಾರ್ಹ. ಮೊದಲನೆಯದು ಹಾಗಲ್ಲ; ತನ್ನ ಕರ್ತವ್ಯಕ್ಕೆ ಅಗತ್ಯವಾದುದನ್ನು ತಿಳಿಯದೆ ಉಳಿಯುವುದೇ ಒಂದು ತಪ್ಪು.

ಪೊಲೀಸನ ಕರ್ತವ್ಯಕ್ಕೆ ಈ ಅಳತೆಗೋಲನ್ನು ಹಿಡಿದು ನೋಡೋಣ. ರಕ್ತ ಸುರಿಯುತ್ತಿರುವವನು ಕಪ್ಪುವರ್ಣದವನಾದಾಗ ‘ಇವನೂ ಜಗಳದಲ್ಲಿ ಪಾಲುದಾರನಿರಬೇಕು’ ಎಂಬ ಎಣಿಕೆ ಮೊದಲು ಬರುವುದಾದರೆ, ಅಳುವ ಸಾಕ್ಷಿಯು ಕಪ್ಪುವರ್ಣದವನಾದಾಗ ಅವನ ದುಃಖ ಉದ್ಧಟತನದಂತೆ ತೋರುವುದಾದರೆ, ಆ ಎಣಿಕೆಯನ್ನು ಪರೀಕ್ಷಿಸಿ ತಿದ್ದಿಕೊಳ್ಳುವುದು ಇಲಾಖೆಗೆ ಸಾಧ್ಯವಿರಲಿಲ್ಲವೆ? ಅದನ್ನು ಹೇಳಿದವರು ಇರಲಿಲ್ಲವೆ? ಇದ್ದರು. 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಗಲಭೆಗಳಾದವು. ಅದಕ್ಕೆ ಮುಂಚಿನ ಕೆಲವೇ ದಿನಗಳಲ್ಲಿ ಪೊಲೀಸರು ಅಲ್ಲಿ ಒಂಬೈನೂರಕ್ಕೂ ಹೆಚ್ಚು ಜನರನ್ನು ಬೀದಿಯಲ್ಲಿ ತಡೆದು ಶೋಧಿಸಿದ್ದರು. ಗಲಭೆಯ ಕುರಿತು ಲಾರ್ಡ್ ಸ್ಕಾರ್ಮನ್ ಅವರು ಕೊಟ್ಟ ವರದಿಯು, ಬುದ್ಧಿಪೂರ್ವಕವಾದ ನೀತಿಯೆಂಬ ಅರ್ಥದಲ್ಲಿ ಸಾಂಸ್ಥಿಕ ವರ್ಣಭೇದ ಬ್ರಿಟನ್ನಿನಲ್ಲಿ ಇಲ್ಲವೆಂದಿತು. ಅರಿವಿಲ್ಲದೆಯೇ ಭೇದವೆಸಗುವ ರೂಢಿಗಳಿದ್ದರೆ ಅವುಗಳನ್ನು ಗಂಭೀರವಾಗಿ ಪರಿಶೀಲಿಸಬೇಕೆಂದೂ ಅದೇ ವರದಿ ಹೇಳಿತ್ತು. ಮೊದಲ ಮಾತು ಸಮಾಧಾನಕರವಾಗಿ ಎಲ್ಲರ ನೆನಪಿನಲ್ಲಿ ಉಳಿಯಿತು. ಎರಡನೆಯದನ್ನು ಕೇಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಹನ್ನೆರಡು ವರ್ಷಗಳ ನಂತರ ಎಲ್ಥಂ ರಸ್ತೆಯಲ್ಲಿ ಕಂಡ ಅಜ್ಞಾನವನ್ನು ಆದುದರಿಂದ ನೀಗಿಸಿಕೊಳ್ಳಲಾಗದ ಅಜ್ಞಾನವೆನ್ನಲು ಬರುವುದಿಲ್ಲ.

ಬದಲಾದದ್ದು, ಬದಲಾಗದ್ದು

ಮ್ಯಾಕ್‌ಫರ್ಸನ್ ವರದಿಯಿಂದ ಕಾನೂನಿನಲ್ಲಿ ನಿಜವಾದ ಬದಲಾವಣೆಗಳಾದವು. ವರ್ಣಭೇದವನ್ನು ನಿಷೇಧಿಸುವ ಕಾನೂನಿನ ವ್ಯಾಪ್ತಿಗೆ 2000ನೇ ಇಸವಿಯ ತಿದ್ದುಪಡಿಯಿಂದ ಪೊಲೀಸರ ಕಾರ್ಯವೂ ಒಳಪಟ್ಟಿತು. ಪೊಲೀಸರ ಮೇಲಿನ ದೂರುಗಳಿಗಾಗಿ 2004ರಿಂದ ಸ್ವತಂತ್ರ ಆಯೋಗವೊಂದು ಕೆಲಸಮಾಡತೊಡಗಿತು. ಒಂದು ಘಟನೆಯನ್ನು ಪೀಡಿತನಾಗಲಿ ಬೇರೆ ಯಾರೇ ಆಗಲಿ ವರ್ಣದ್ವೇಷದ್ದೆಂದು ಭಾವಿಸಿದರೆ ಪೊಲೀಸರು ಅದನ್ನು ಹಾಗೆಯೇ ದಾಖಲಿಸಿಕೊಂಡು ತನಿಖೆಗೆ ತೊಡಗಬೇಕೆಂಬ ಶಿಫಾರಸು ಜಾರಿಗೆ ಬಂತು. ಒಮ್ಮೆ ಖುಲಾಸೆಯಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸಬಾರದೆಂಬ ಶತಮಾನಗಳ ನಿಯಮವೂ ಸಡಿಲಗೊಂಡಿತು; ಗಂಭೀರ ಅಪರಾಧಗಳಲ್ಲಿ ಬಲವಾದ ಹೊಸ ಸಾಕ್ಷ್ಯ ದೊರೆತರೆ ಮರುವಿಚಾರಣೆ ಮಾಡಲು 2003ರ ಕಾಯಿದೆ ಅವಕಾಶ ಕೊಟ್ಟಿತು.

ಈ ಕೊನೆಯ ಬದಲಾವಣೆಯ ಫಲ ಲಾರೆನ್ಸ್ ಕುಟುಂಬಕ್ಕೇ ದೊರೆಯಿತು. ಹಳೆಯ ಬಟ್ಟೆಗಳನ್ನು ತಜ್ಞರು ಹೊಸ ವಿಧಾನಗಳಿಂದ ಪರೀಕ್ಷಿಸಿದಾಗ ಒಬ್ಬ ಆರೋಪಿಯ ಜಾಕೆಟ್ಟಿನ ಕಾಲರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತದ ಕಲೆ ಸಿಕ್ಕಿತು. ಅದು ಸ್ಟೀಫನನದು. 2012ರ ಜನವರಿ 3ರಂದು ಇಬ್ಬರು ಅಪರಾಧಿಗಳೆಂದು ತೀರ್ಮಾನವಾಗಿ ಮರುದಿನ ಜೀವಾವಧಿ ಶಿಕ್ಷೆ ಹೊಂದಿದರು. ಕೊಲೆಯಾಗಿ ಹತ್ತೊಂಬತ್ತು ವರ್ಷ ಸಮೀಪಿಸಿತ್ತು. ಆ ಸಾಕ್ಷ್ಯವನ್ನು ಹುಡುಕಿಸಿ ಮೊಕದ್ದಮೆಯನ್ನು ಕಟ್ಟಿದವರೂ ಅದೇ ಲಂಡನ್ ಪೊಲೀಸು ಇಲಾಖೆಯವರೇ ಎಂಬುದನ್ನು ನಾವು ಮರೆಯಬಾರದು. ಸಂಸ್ಥೆ ತಿದ್ದಿಕೊಂಡು ದುಡಿದರೆ ಏನು ಸಾಧ್ಯವೆಂಬುದಕ್ಕೆ ಅದೊಂದು ಪುರಾವೆ. 1993ರಲ್ಲಿ ತಪ್ಪಿದ್ದೇನೆಂಬುದಕ್ಕೂ ಅದೇ ಪುರಾವೆ. ಕೊಲೆಗಡುಕರ ಗುಂಪಿನಲ್ಲಿದ್ದ ಉಳಿದವರಿಗೆ ಇನ್ನೂ ಶಿಕ್ಷೆಯಾಗಿಲ್ಲ.

ಇನ್ನೊಂದು ಕಡೆ, 2013ರಲ್ಲಿ ಹೊರಬಿದ್ದ ಸಂಗತಿಯೊಂದು ಗಾಯವನ್ನು ಮತ್ತೆ ಕೆದಕಿತು. ನ್ಯಾಯಕ್ಕಾಗಿ ಹೋರಾಡುತ್ತಿದ್ದ ಲಾರೆನ್ಸ್ ಕುಟುಂಬದ ಬಳಗದ ಮೇಲೆಯೇ ಅಂದು ಗುಪ್ತ ಪೊಲೀಸರ ಕಣ್ಣಿತ್ತೆಂದು ಮಾಜಿ ಗುಪ್ತ ಅಧಿಕಾರಿಯೊಬ್ಬರು ಬಹಿರಂಗಪಡಿಸಿದರು. ಗುಪ್ತ ಪೊಲೀಸರ ಕಾರ್ಯಾಚರಣೆಗಳ ಬಗೆಗೆ 2015ರಲ್ಲಿ ಪ್ರತ್ಯೇಕ ಸಾರ್ವಜನಿಕ ವಿಚಾರಣೆಯನ್ನೇ ಸ್ಥಾಪಿಸಬೇಕಾಯಿತು.

2021ರಲ್ಲಿ ಲಂಡನ್ನಿನ ಸೇವಾನಿರತ ಪೊಲೀಸನೊಬ್ಬನು ಯುವತಿಯೊಬ್ಬಳನ್ನು ಅಪಹರಿಸಿ ಕೊಂದ ಬಳಿಕ ಆ ಇಲಾಖೆ ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡಿತು. ಬ್ಯಾರನೆಸ್ ಲೂಯಿಸ್ ಕೇಸಿ ಅವರು 2023ರ ಮಾರ್ಚ್‌ನಲ್ಲಿ ಕೊಟ್ಟ ವರದಿ, ಇಲಾಖೆಯಲ್ಲಿ ಸಾಂಸ್ಥಿಕ ವರ್ಣಭೇದವಿದೆಯೆಂದೂ, ಸ್ತ್ರೀದ್ವೇಷ ಹಾಗೂ ಸಲಿಂಗಿಗಳ ಮೇಲಿನ ದ್ವೇಷವೂ ಹಾಗೆಯೇ ಬೇರುಬಿಟ್ಟಿವೆಯೆಂದೂ ಹೇಳಿತು. ನಗರದ ಜನರಲ್ಲಿ ಸುಮಾರು 46 ಶೇಕಡ ಬಿಳಿಯರಲ್ಲದವರು; ಅಧಿಕಾರಿಗಳಲ್ಲಿ ಬಿಳಿಯರು 82 ಶೇಕಡ. ಕಮಿಷನರ್ ಸರ್ ಮಾರ್ಕ್ ರೌಲಿ ಅವರು ವರದಿಯಲ್ಲಿದ್ದ ಸಂಗತಿಗಳನ್ನು ಒಪ್ಪಿ ವಿಷಾದಿಸಿದರು. ಆದರೆ ‘ಸಾಂಸ್ಥಿಕ’ ಎಂಬ ವಿಶೇಷಣವನ್ನು ತಾವು ಬಳಸುವುದಿಲ್ಲ, ಅದರ ಅರ್ಥ ಅಸ್ಪಷ್ಟ, ಅದು ರಾಜಕೀಯದ ಮಾತಾಗಿದೆ ಎಂದರು. ಕಾಂಡನ್ ಅವರ ಆಕ್ಷೇಪವೇ ಕಾಲು ಶತಮಾನದ ನಂತರ ಬೇರೊಬ್ಬರ ಬಾಯಲ್ಲಿ ಕೇಳಿಬಂತು.

ಈ ನಡುವೆ ಬೀದಿಯಲ್ಲಿ ನಡೆಯುವುದೇನು? ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2023ರ ಮಾರ್ಚ್‌ಗೆ ಕೊನೆಗೊಂಡ ವರ್ಷದ ಸರಕಾರಿ ಲೆಕ್ಕದಂತೆ, ಜನಸಂಖ್ಯೆಯ ಪ್ರಮಾಣಕ್ಕೆ ಹೋಲಿಸಿದರೆ, ಕಪ್ಪುವರ್ಣದವರನ್ನು ಪೊಲೀಸರು ತಡೆದು ಶೋಧಿಸುವುದು ಬಿಳಿಯರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಅಪರಾಧ ಹೆಚ್ಚಿರುವ ಬಡಾವಣೆಗಳಲ್ಲಿ ಶೋಧನೆಯೂ ಹೆಚ್ಚುವುದು ಸಹಜವೆಂದು ಸಮರ್ಥಿಸುವವರಿದ್ದಾರೆ. ಆ ವಾದವನ್ನೂ ಪರೀಕ್ಷಿಸಬೇಕಾದದ್ದೇ. ಆದರೆ ಶಾಲೆಯಿಂದ ಮರಳುವ ಹುಡುಗನೊಬ್ಬನ ಕಿಸೆಯನ್ನು ಮೂರನೆಯ ಬಾರಿ, ನಾಲ್ಕನೆಯ ಬಾರಿ ತಡಕಿ ಏನೂ ಸಿಗದೆ ಕಳುಹಿಸಿಕೊಟ್ಟಾಗ ಅವನಿಗೆ ಅಧಿಕಾರಿಯ ಉದ್ದೇಶ ಕಾಣುವುದಿಲ್ಲ. ತನ್ನನ್ನೇ ಏಕೆ ತಡೆದರೆಂಬ ಪ್ರಶ್ನೆಯಷ್ಟೇ ಉಳಿಯುತ್ತದೆ. ಮುಂದೆ ಅವನ ಕಣ್ಣೆದುರಿಗೆ ಅಪರಾಧವೊಂದು ನಡೆದರೆ ಅವನು ಠಾಣೆಗೆ ಹೋಗಿ ಸಾಕ್ಷಿ ಹೇಳುವನೆ? ಪೊಲೀಸರಿಗೆ ಇದರಿಂದಾಗುವ ನಷ್ಟವೂ ದೊಡ್ಡದೇ.

ನಮ್ಮ ಬೆಂಗಳೂರಿನಲ್ಲಿ

ಇದು ಪರದೇಶದ ಕಥೆಯೆಂದು ಪತ್ರಿಕೆಯನ್ನು ಮಡಚಿಡುವಂತಿಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಪ್ರದೇಶದಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಾಗಿ ಬೇರೊಂದು ಕಾರಿನಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಗೆಳೆಯರೊಡನೆ ಬಂದಳು. ಆ ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಉದ್ರಿಕ್ತ ಗುಂಪು ಆಕೆಯನ್ನು ಹೊರಗೆಳೆದು ಹೊಡೆದು, ಬಟ್ಟೆ ಹರಿದು, ಕಾರಿಗೆ ಬೆಂಕಿಯಿಟ್ಟಿತು. ಸ್ಥಳದಲ್ಲಿದ್ದ ಪೊಲೀಸರು ನೆರವಿಗೆ ಬರಲಿಲ್ಲವೆಂದು ದೂರು ಬಂತು. ಮುಂದೆ ಹಲವರ ಬಂಧನವಾಯಿತು, ಪೊಲೀಸರಲ್ಲಿ ಕೆಲವರ ಅಮಾನತಾಯಿತು.

ಆಗ ನಾಡಿನಲ್ಲಿ ನಡೆದ ಚರ್ಚೆಯನ್ನು ಓದುಗರು ನೆನಪಿಸಿಕೊಳ್ಳಬಹುದು. ಅಂದಿನ ಗೃಹಸಚಿವರು ಇದು ವರ್ಣದ್ವೇಷದ ಕೃತ್ಯವಲ್ಲ, ಅಪಘಾತದಿಂದ ಕೆರಳಿದ ಜನರ ಸಿಟ್ಟು ಎಂದರು. ಹೌದೋ ಅಲ್ಲವೋ ಎಂಬುದರಲ್ಲೇ ದಿನಗಳು ಕಳೆದವು. ಗುಂಪಿನಲ್ಲಿದ್ದವರ ಹೃದಯದಲ್ಲಿ ಏನಿತ್ತೆಂಬುದನ್ನು ದೇವರೊಬ್ಬನೇ ಬಲ್ಲನು. ಆದರೆ ಉತ್ತರ ಸಿಗುವಂಥ ಬೇರೆ ಪ್ರಶ್ನೆಗಳಿದ್ದವು. ಅಪಘಾತ ಮಾಡಿದವನ ಬದಲಿಗೆ, ಬೇರೆ ದೇಶದ, ಬೇರೆ ಕಾರಿನ ಹುಡುಗಿಯೊಬ್ಬಳು ಸಿಕ್ಕಿದರೂ ಸಾಕು ಎಂದು ಗುಂಪಿಗೆ ಅನ್ನಿಸಿದ್ದು ಯಾವ ಗುರುತಿನಿಂದ? ಕಾರಿನಲ್ಲಿ ಅದೇ ವಯಸ್ಸಿನ ಇಲ್ಲಿಯವಳೇ ಒಬ್ಬಳಿದ್ದಿದ್ದರೆ ಹೀಗಾಗುತ್ತಿತ್ತೆ? ಆಗ ಪೊಲೀಸರು ಎಷ್ಟು ಬೇಗ ಮುಂದೆ ಬರುತ್ತಿದ್ದರು? ಈ ಪ್ರಶ್ನೆಗಳಿಗೆ ಉತ್ತರಿಸಲು ಯಾರ ಅಂತರಂಗವನ್ನೂ ಬಗೆಯಬೇಕಾಗಿಲ್ಲ.

2021ರ ಆಗಸ್ಟಿನಲ್ಲಿ ಅದೇ ನಗರದಲ್ಲಿ ಪೊಲೀಸರು ಬಂಧಿಸಿದ್ದ ಕಾಂಗೋ ದೇಶದ ಯುವಕನೊಬ್ಬನು ಸತ್ತಾಗ, ಹೃದಯಾಘಾತವೇ ಕಾರಣವೆಂದು ಪೊಲೀಸರು ಹೇಳಿದರು. ಜೆ.ಸಿ. ನಗರ ಠಾಣೆಯ ಮುಂದೆ ಸೇರಿ ಪ್ರತಿಭಟಿಸಿದ ಆಫ್ರಿಕದ ತರುಣರು ಆ ಮಾತನ್ನು ನಂಬಲಿಲ್ಲ. ಅವರ ಮೇಲೆ ಲಾಠಿ ಬೀಸಲಾಯಿತು. ನಂಬಿಕೆ ಎಂಬುದು ಆ ಒಂದು ದಿನ ಹೇಳಿದ ಮಾತಿನಿಂದ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಬಾಡಿಗೆ ಮನೆ ಕೇಳಲು ಹೋದಾಗ, ಬಸ್ಸಿನಲ್ಲಿ ಪಕ್ಕದ ಆಸನ ಖಾಲಿ ಉಳಿದಾಗ, ವೀಸಾ ಕಾಗದವನ್ನು ಮತ್ತೆ ಮತ್ತೆ ತೋರಿಸಬೇಕಾಗಿ ಬಂದಾಗ ಅದು ಸ್ವಲ್ಪ ಸ್ವಲ್ಪವಾಗಿ ಸವೆದಿರುತ್ತದೆ. ಇದರಲ್ಲಿ ಪೊಲೀಸರ ಪಾಲೆಷ್ಟೋ ನಮ್ಮ ಪಾಲೂ ಅಷ್ಟೇ ಇದೆ. ಪೊಲೀಸನು ಆಕಾಶದಿಂದ ಇಳಿದವನಲ್ಲ; ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯಲ್ಲೇ ಬೆಳೆದು ಖಾಕಿ ತೊಟ್ಟವನು.

ಸಂತ ದ್ವಿತೀಯ ಜಾನ್ ಪಾಲರು 1987ರ ತಮ್ಮ ವಿಶ್ವಪತ್ರದಲ್ಲಿ ಪಾಪದ ರಚನೆಗಳೆಂಬ ಮಾತನ್ನು ಬಳಸಿದರು. ಇಂಥ ರಚನೆಗಳು ತಾವಾಗಿ ಹುಟ್ಟುವುದಿಲ್ಲ, ಅವುಗಳ ಹಿಂದೆ ವ್ಯಕ್ತಿಗಳ ಕೃತ್ಯಗಳಿವೆ. ಆದರೆ ಒಮ್ಮೆ ಬೆಳೆದು ನಿಂತರೆ ಅವು ಮತ್ತೆ ವ್ಯಕ್ತಿಗಳ ನಡತೆಯನ್ನು ರೂಪಿಸತೊಡಗುತ್ತವೆ ಎಂಬುದು ಅವರ ವಿವರಣೆಯ ಸಾರ. ಕಾಂಡನ್ ಅವರ ಭಯಕ್ಕೂ ಲಾರೆನ್ಸ್ ದಂಪತಿಗಳ ದೂರಿಗೂ ಇದರಲ್ಲಿ ಉತ್ತರವಿದೆ ಎಂದು ನಮಗೆ ತೋರುತ್ತದೆ. ಸಂಸ್ಥೆಯನ್ನು ದೂರಿದೊಡನೆ ಅದರೊಳಗಿನ ಪ್ರತಿಯೊಬ್ಬನನ್ನೂ ದುಷ್ಟನೆಂದಂತಾಗುವುದಿಲ್ಲ. ಹಾಗೆಯೇ, ಯಾರೂ ದುಷ್ಟರಲ್ಲವೆಂದು ತೋರಿಸಿಕೊಟ್ಟೊಡನೆ ಸಂಸ್ಥೆ ನಿರ್ದೋಷಿಯೂ ಆಗುವುದಿಲ್ಲ.

ಆದುದರಿಂದ ಮುಂದಿನ ಬಾರಿ ಇಂಥದೊಂದು ಸುದ್ದಿ ಪತ್ರಿಕೆಯಲ್ಲಿ ಬಂದು, ಊಟದ ಮೇಜಿನ ಸುತ್ತ ಮಕ್ಕಳೆದುರು ಚರ್ಚೆ ಎದ್ದಾಗ, ‘ಅವರು ವರ್ಣದ್ವೇಷಿಗಳೇ?’ ಎಂಬಲ್ಲಿಂದ ಆರಂಭಿಸದಿರೋಣ. ಪೆಟ್ಟು ತಿಂದವನಿಗೆ ಮೊದಲ ಅರ್ಧ ಗಂಟೆಯಲ್ಲಿ ಏನು ದೊರೆಯಿತು? ಅವನ ಮಾತನ್ನು ಯಾರು ಬರೆದುಕೊಂಡರು? ಹೆಸರುಗಳು ತಿಳಿದ ಮೇಲೆ ಎಷ್ಟು ದಿನ ಕಾದರು? ಬೇರೆ ಬಣ್ಣದವನಿಗೆ, ಬೇರೆ ನುಡಿಯವನಿಗೆ ಇಷ್ಟೇ ದಿನ ಕಾಯುತ್ತಿದ್ದರೆ? ಇದೇ ಬಗೆಯ ತಪ್ಪು ಹಿಂದೆ ಎಷ್ಟು ಸಲ ನಡೆದಿದೆ, ತಿದ್ದಿಕೊಳ್ಳಿರೆಂದು ಯಾರಾದರೂ ಹೇಳಿದ್ದರೆ? ಇವು ಠಾಣೆಯ ದಿನಚರಿ ಪುಸ್ತಕವನ್ನು ತೆರೆದು ಉತ್ತರಿಸಬಹುದಾದ ಪ್ರಶ್ನೆಗಳು. ಡೊರೀನ್ ಲಾರೆನ್ಸ್ ಅವರು ವರ್ಷಗಟ್ಟಲೆ ಕೇಳುತ್ತ ಬಂದದ್ದು ಇವುಗಳನ್ನೇ. 2013ರಿಂದ ಅವರು ಬ್ರಿಟನ್ನಿನ ಮೇಲ್ಮನೆಯ ಸದಸ್ಯೆ. 2019ರಿಂದ ಪ್ರತಿವರ್ಷ ಏಪ್ರಿಲ್ 22ನ್ನು ಅವರ ಮಗನ ಹೆಸರಿನ ದಿನವಾಗಿ ಆ ದೇಶ ಆಚರಿಸುತ್ತಿದೆ. ಪ್ರಶ್ನೆಗಳಲ್ಲಿ ಕೆಲವಕ್ಕೆ ಅವರಿಗೆ ಇನ್ನೂ ಉತ್ತರ ಬಂದಿಲ್ಲ.